ಬೇರೆ ಬಣ್ಣದ ಅಂಗಿ

ಕೈ ಬೀಸಬೇಕಿತ್ತು. ಎಲ್ಲರೂ ಬೀಸುತ್ತಿದ್ದರು. ದಾಲ್ವಾ ಕೂಡ ಎತ್ತಿದಳು. ಯಾರಿಗೆ ಬೀಸುವುದೆಂದು ತಿಳಿಯದೆ ಕೈ ಗಾಳಿಯಲ್ಲೇ ತುಸು ನಿಂತು, ಕೂದಲು ಸರಿಪಡಿಸುವ ನೆಪ ಮಾಡಿ ಕೆಳಗಿಳಿಯಿತು.

ಅಗ್ನಿಶಾಮಕ ದಳದ ಕೆಂಪು ಲಾರಿ ತೂಕಡಿಸುತ್ತ ಸಾಗಿತ್ತು. ಗೆದ್ದವರನ್ನು ಅದರ ನೆತ್ತಿಗೆ ಹತ್ತಿಸಿ ಊರು ಸುತ್ತಿಸದಿದ್ದರೆ ಸಾಂತಾ ಎಫಿಜೇನಿಯಾದಲ್ಲಿ ಯಾವ ಗೆಲುವೂ ಗೆಲುವಲ್ಲ. ನಿನ್ನೆ ತಂಡ ಎರಡನೇ ದರ್ಜೆಯ ಫೈನಲ್ ಗೆದ್ದಿತ್ತು. ಇನ್ನು ಮೊದಲ ದರ್ಜೆ. ಸಾವೊ ಪಾವ್ಲೊದ ಹೆಸರಾಂತ ಹುಡುಗಿಯರು ಈ ಊರಿಗೆ ಬಂದು, ಇಲ್ಲಿಯ ಸೆಕೆಯನ್ನು ಬೈದುಕೊಂಡು ವಾಲಿಬಾಲ್ ಆಡಿ ಹೋಗಬೇಕು. ಬ್ರೆಜಿಲಿನ ಭೂಪಟದಲ್ಲಿ ಊರಿಗೊಂದು ಚುಕ್ಕೆ ಸಿಕ್ಕಿತು ಎಂದು ರೇಡಿಯೊ ಬೆಳಗಿನಿಂದ ಒದರುತ್ತಿತ್ತು.

"ಅಕಲಾಂತೊ! ಅಕಲಾಂತೊ!" ಬೀದಿ ಕೂಗಿತು.

ಅದು ಹಾಸಿಗೆ ಕಂಪನಿಯ ಹೆಸರು. ಜೋಗುಳ ಎಂದು ಅರ್ಥ. ಯಾರು ದುಡ್ಡು ಹಾಕುತ್ತಾರೋ ತಂಡಕ್ಕೆ ಅವರ ಹೆಸರು. ಮೊದಲು ಹತ್ತಿ ಗಿರಣಿಯ ಹೆಸರಿತ್ತು. ಗಿರಣಿಯ ಹೆಣ್ಣುಮಕ್ಕಳು ಊಟದ ಬಿಡುವಿನಲ್ಲಿ ಎರಡು ಮಾವಿನ ಮರಗಳ ನಡುವೆ ಹಗ್ಗ ಕಟ್ಟಿಕೊಂಡು ಆಡುತ್ತಿದ್ದರು. ಗಿರಣಿ ಮುಚ್ಚಿತು. ಬ್ರೆಡ್ ಅಂಗಡಿ ಬಂತು. ಅದಾದ ಮೇಲೆ ಔಷಧದ ಅಂಗಡಿ. ದಾಲ್ವಾ ಸೇರಿದ್ದು ಔಷಧದ ಕಾಲದಲ್ಲಿ. ಅಂಗಿಯ ಬೆನ್ನ ಮೇಲೆ ಕೆಮ್ಮಿನ ಸಿರಪ್ಪಿನ ಬಾಟಲಿಯ ಚಿತ್ರ. ಪರವೂರಿನಲ್ಲಿ ಆಡಲು ಹೋದರೆ ಜನ ಕೆಮ್ಮಿ ಕೆಮ್ಮಿ ಹಂಗಿಸುತ್ತಿದ್ದರು.

ಈಗ ಇಡೀ ಊರು ಗಂಟಲು ಹರಿದುಕೊಂಡು ಜೋಗುಳ ಜೋಗುಳ ಎಂದು ಅರಚುತ್ತಿತ್ತು. ಯಾರಿಗೂ ನಗು ಬರುತ್ತಿರಲಿಲ್ಲ. ಅಷ್ಟು ದೊಡ್ಡ ಸದ್ದಿನಲ್ಲಿ ತನಗೊಬ್ಬಳಿಗೇ ನಿದ್ದೆ ಬರುತ್ತಿರುವುದು ಏಕೆಂದು ಅವಳಿಗೆ ಅರ್ಥವಾಗಲಿಲ್ಲ.

ಲಾರಿ ಎತ್ತರವಿದ್ದುದರಿಂದ ಮಹಡಿ ಮನೆಗಳ ಕಿಟಕಿಗಳು ಒಂದೊಂದಾಗಿ ಅವಳ ಮುಖದ ಸಮಕ್ಕೆ ತೇಲಿ ಬಂದು ತೇಲಿ ಹೋಗುತ್ತಿದ್ದವು. ಒಂದರಲ್ಲಿ ಮುದುಕನೊಬ್ಬ ಅರ್ಧ ಕೆನ್ನೆಗೆ ನೊರೆ ಹಚ್ಚಿಕೊಂಡು ನಿಂತಿದ್ದ. ಕ್ಷೌರದ ಕತ್ತಿಯನ್ನೇ ಬೀಸಿ ಅಭಿನಂದಿಸಿದ. ಇನ್ನೊಂದರಲ್ಲಿ ಹೆಂಗಸೊಬ್ಬಳು ಹಾಸಿಗೆಯ ತುದಿಯಲ್ಲಿ ಕೂತು ಒಂದೇ ಕಾಲಿಗೆ ಕಾಲುಚೀಲ ಹಾಕಿ, ಮತ್ತೊಂದನ್ನು ಕೈಯಲ್ಲಿ ಹಿಡಿದು ಗೋಡೆ ನೋಡುತ್ತಿದ್ದಳು. ಅವಳು ತಿರುಗಲೇ ಇಲ್ಲ. ಹರಿದ ಕಾಗದದ ಚೂರುಗಳು ಮೇಲಿನಿಂದ ಬೀಳುತ್ತಿದ್ದವೋ ಕೆಳಗಿನಿಂದ ಏಳುತ್ತಿದ್ದವೋ ಹೇಳುವ ಹಾಗಿರಲಿಲ್ಲ. ಊರು ನೀರಿನಡಿ ಕೂತು ಬಹಳ ಕಾಲವಾಗಿದೆ, ತಾವು ದೋಣಿಯಲ್ಲಿ ಅದರ ಮೇಲೆ ಹೋಗುತ್ತಿದ್ದೇವೆ ಎನ್ನಿಸಿತು.

ಮುಂದೆ ನಿಂತಿದ್ದ ಕೋಚ್ ಒಸ್ಮಾರನ ಬೋಳುತಲೆ ಹೊಳೆಯುತ್ತಿತ್ತು. ದಾಲ್ವಾ ಹತ್ತಿರ ಸರಿದಳು.

"ಮೇಷ್ಟ್ರೇ."

"ಹ್ಞಾಂ, ಬೀಸಮ್ಮಾ, ಕೈ ಬೀಸು. ಅಲ್ನೋಡು, ಬಾಲ್ಕನೀಲಿ ಫಾದರು ನಿಂತವ್ರೆ."

"ಮುಂದಿನ ವರ್ಷದ ತಂಡ..."

"ಚೌಕದಲ್ಲಿ ದೊನ ಎಡ್ವಿಜೆಸ್ ಎಲ್ಲಾ ಹೆಸರೂ ಕೂಗ್ತಾರಲ್ಲ."

"ನಿಮಗೆ ಗೊತ್ತಿರಬೇಕಲ್ಲ ಮೇಷ್ಟ್ರೇ."

ಒಸ್ಮಾರ್ ಪಾದ್ರಿಗಳಿಗೆ ಇನ್ನೂ ಜೋರಾಗಿ ಕೈ ಬೀಸಿದ. "ಎಂಥಾ ಬಿಸಿಲು ನೋಡು. ಟೋಪಿ ಹಾಕ್ಕೊಂಡು ಬರ್ಬಾರ್ದಿತ್ತಾ ನೀನು?"

ಕಳೆದ ವಾರದಿಂದ ಎಲ್ಲರೂ ಅವಳೊಂದಿಗೆ ಹವಾಮಾನದ ಬಗ್ಗೆ ಮಾತಾಡುತ್ತಿದ್ದರು. ಅವಳ ಜಾಗಕ್ಕೆ ಡೊಮಿನಿಕನ್ ದೇಶದಿಂದ ಹೊಸ ಲಿಬೆರೊ ಒಬ್ಬಳು ಬರುತ್ತಾಳಂತೆ ಎಂಬ ಸುದ್ದಿ ಮಾತ್ರ ಬಟ್ಟೆ ಬದಲಿಸುವ ಕೋಣೆಯಲ್ಲಿ ಓಡಾಡುತ್ತಿತ್ತು. ದಾಲ್ವಾ ಒಳಗೆ ಬಂದರೆ ಶವರ್‌ಗಳನ್ನು ಜೋರಾಗಿ ತಿರುಗಿಸುತ್ತಿದ್ದರು.

ಹಾಸಿಗೆ ಕಂಪನಿಯ ಒಡತಿ ದೊನ ಎಡ್ವಿಜೆಸ್ ಚೌಕದ ಮಂಟಪದಲ್ಲಿ ನಿಂತು ಮುಂದಿನ ವರ್ಷದ ತಂಡದವರ ಹೆಸರು ಕರೆಯುವುದು, ಕರೆದವಳು ಮೆಟ್ಟಿಲು ಹತ್ತಿ ಹೂವು ತೆಗೆದುಕೊಳ್ಳುವುದು, ಇಷ್ಟೇ. ಕರೆದರೆ ಇದ್ದಾಳೆ. ಕರೆಯದಿದ್ದರೆ ಏನು? ಇತಿಹಾಸದಲ್ಲಿ ಪದವಿಯಿದೆ, ಯಾವುದಾದರೂ ಶಾಲೆಯಲ್ಲಿ ಮಕ್ಕಳಿಗೆ ಚಕ್ರವರ್ತಿಗಳ ಹೆಸರು ಹೇಳಿಕೊಡಬಹುದು. ಅಲ್ಲಿ ತಾನು ಯಾರಾಗಿರುತ್ತೇನೆ ಎಂದು ಊಹಿಸಿಕೊಳ್ಳಲು ನೋಡಿದಳು. ಕಪ್ಪು ಹಲಗೆ ಕಂಡಿತು, ಸೀಮೆಸುಣ್ಣ ಕಂಡಿತು. ಸೀಮೆಸುಣ್ಣ ಹಿಡಿದ ಕೈ ಕಾಣಲಿಲ್ಲ.

ಲಿಬೆರೊ ಎಂದರೆ ಹಿಂದಿನ ಸಾಲಿನಲ್ಲಿ ಬಿದ್ದು ಎದ್ದು ಚೆಂಡು ಎತ್ತುವವಳು. ಅವಳು ಸರ್ವ್ ಮಾಡುವ ಹಾಗಿಲ್ಲ. ಬಲೆಯ ಮೇಲೆ ಹೊಡೆಯುವ ಹಾಗಿಲ್ಲ. ಉಳಿದವರೆಲ್ಲ ನೀಲಿ ತೊಟ್ಟರೆ ಅವಳದು ನಿಂಬೆ ಹಳದಿ. ಎತ್ತರದ ಹುಡುಗಿಯೊಬ್ಬಳು ಹಿಂದಿನ ಸಾಲಿಗೆ ಬಂದಾಗ ಅವಳ ಬದಲಿಗೆ ಇವಳು ಒಳಗೆ ಓಡಬೇಕು. ಆ ಹುಡುಗಿ ಮುಂದಿನ ಸಾಲಿಗೆ ಹೋಗುವ ಸರದಿ ಬಂದಾಗ ಅಂಚಿನ ಗೆರೆಯ ಬಳಿ ಅಂಗೈಗೆ ಅಂಗೈ ತಟ್ಟಿ ಇವಳು ಹೊರಗೆ. ಉಳಿದವರ ಬದಲಾವಣೆಗೆ ಲೆಕ್ಕವಿದೆ, ಮಿತಿಯಿದೆ. ಲಿಬೆರೊ ಎಷ್ಟು ಸಲ ಬಂದರೂ ಹೋದರೂ ಲೆಕ್ಕಕ್ಕಿಲ್ಲ.

"ನಮ್ ಪ್ರೊಫೆಸರಮ್ಮ ಗಾಳಿ ಇದ್ದಂಗೆ," ಎಂದು ಜಾಂಡಿರಾ ನಗಾಡುತ್ತಿದ್ದಳು. "ಬಂದಿದ್ದೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ."

ಜಾಂಡಿರಾ ತಂಡದಲ್ಲೇ ಎತ್ತರದವಳು. ಹೊರ ಊರಿನವಳು. ಬಾಗಿಲುಗಳನ್ನು ಕಂಡರೆ ಅಭ್ಯಾಸದಿಂದ ತಲೆ ತಗ್ಗಿಸುವವಳು. ಅವಳಿನ್ನೂ ಲಾರಿಗೆ ಬಂದಿರಲಿಲ್ಲ. ರೇಡಿಯೊದವರು ಹಿಡಿದು ಕೂರಿಸಿಕೊಂಡಿದ್ದರು.

ನಿನ್ನೆ ಫೈನಲ್ ನಡೆದ ಆಟದ ಭವನದ ತಿರುವಿನಲ್ಲಿ ಲಾರಿ ನಿಂತಿತು. ವಿದ್ಯುತ್ ತಂತಿ ಜೋತುಬಿದ್ದಿತ್ತು. ಕೆಳಗೊಬ್ಬ ಉದ್ದನೆಯ ಬಿದಿರಿನಿಂದ ಅದನ್ನು ಎತ್ತಿ ಹಿಡಿಯಲು ಹೆಣಗುತ್ತಿದ್ದ. ಹುಡುಗಿಯರೆಲ್ಲ ಕಿರುಚುತ್ತ ಕುಕ್ಕರಗಾಲಲ್ಲಿ ಕೂತರು. ದಾಲ್ವಾ ಹಿಂದಿನ ಏಣಿಯ ಬಳಿ ನಿಂತೇ ಇದ್ದಳು. ಅವಳ ಎತ್ತರಕ್ಕೆ ತಂತಿ ತಾಕುತ್ತಿರಲಿಲ್ಲ.

"ತಡೀರಿ, ತಡೀರಿ! ನಾನ್ ಬಂದೆ!"

ನೀಲಿ ಅಂಗಿಯ ಜಾಂಡಿರಾ ಜನರನ್ನು ಸೀಳಿಕೊಂಡು ಓಡಿ ಬಂದಳು. ಏಣಿ ಹತ್ತಿದಳು. ಏದುಸಿರು, ಬೆವರು, ಮುಂದಕ್ಕೆ ಚಾಚಿದ ಉದ್ದ ತೋಳು. ಆ ಅಂಗೈ ತನ್ನ ಕಡೆ ಬರುವುದನ್ನು ದಾಲ್ವಾ ನೋಡಿದಳು. ತಟ್ಟಿದಳು. ಮತ್ತೆ ಏನೂ ಯೋಚಿಸದೆ, ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ, ಅವಳ ಪಕ್ಕದಿಂದ ನುಸುಳಿ ಏಣಿಯಿಳಿದು ರಸ್ತೆಯ ಅಂಚಿಗೆ ಓಡಿ ನಿಂತಳು.

ನಿಂತ ಮೇಲೆ ಬೆಂಚು ಹುಡುಕಿದಳು. ಬೆಂಚು ಇರಲಿಲ್ಲ.

ತಂತಿ ಮೇಲೆದ್ದಿತು. ಲಾರಿ ಗಂಟೆ ಬಾರಿಸಿಕೊಂಡು ಹೊರಟಿತು. ಮೇಲೆ ನೀಲಿ ಅಂಗಿಗಳು ಎದ್ದು ನಿಂತು ಮತ್ತೆ ಕೈ ಬೀಸಿದವು. ಯಾರೂ ಹಿಂದೆ ನೋಡಲಿಲ್ಲ. ಕೂಗಬಹುದಿತ್ತು. "ಏಯ್" ಎಂದರೆ ಸಾಕಿತ್ತು. ಅವಳ ಬಾಯಿ ತೆರೆದೇ ಇತ್ತು, ಅದರೊಳಗೊಂದು ಕಾಗದದ ಚೂರು ಬಂದು ಬಿತ್ತು.

"ಏನಮ್ಮಾ, ನಿಮ್ ಬಸ್ ಬಿಟ್ಹೋಯ್ತಾ?"

ಬೇಯಿಸಿದ ಜೋಳದ ತೆನೆ ಮಾರುವ ಮುದುಕಿ. ಕೈಗಾಡಿಯ ಆವಿಯ ಹಿಂದೆ ಅವಳ ಮುಖ ಆಗಾಗ ಕರಗಿ ಆಗಾಗ ಮೂಡುತ್ತಿತ್ತು.

"ಯಾವ ಬಸ್ಸು?"

"ನಿಮ್ಮೋರ್ದು. ನಿನ್ನೆ ಸೋತೋರ್ದು. ಬೆಳಗ್ಗೇನೇ ಹೋಯ್ತಲ್ಲ." ಮುದುಕಿ ಹಳದಿ ಅಂಗಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಸೋತ ತಂಡದ ಅಂಗಿಯೂ ಹಳದಿಯೇ ಆಗಿತ್ತು. "ಮುಖ ಯಾಕೆ ಹಂಗ್ ಮಾಡ್ಕೊಂಡಿದೀಯ? ಆಟ ಅಂದ್ಮೇಲೆ ಇದ್ದದ್ದೇ. ನಮ್ ಹುಡ್ಗೀರು ಭಾರಿ ಜೋರು, ಅವ್ರ ಕೈಲಿ ಸೋಲೋಕೂ ಪುಣ್ಯ ಬೇಕು."

"ನಾನು ಈ ಊರೋಳೇ."

"ಹಂಗಂತ ಈಗ ಎಲ್ರೂ ಹೇಳ್ತಾರೆ. ನಾವ್ ಗೆದ್ವಲ್ಲ!"

"ಅಲ್ಲ ಅಜ್ಜಿ, ನಾನು ತಂಡದಲ್ಲಿ..."

"ಗೊತ್ತಾಯ್ತಲ್ಲ, ತಂಡದೋಳು ಅಂತ. ಅಂಗಿ ನೋಡಿದ್ರೆ ಗೊತ್ತಾಗಲ್ವಾ? ತಗೋ." ಎಲೆಯಲ್ಲಿ ಸುತ್ತಿದ ತೆನೆಯನ್ನು ಕೈಗಿಟ್ಟಳು. "ಉಪ್ಪು ಬೇಕಾ? ಕಾಸು ಬ್ಯಾಡ. ಸೋತೋರ ಹತ್ರ ಕಾಸು ತಗಂಡ್ರೆ ನಮ್ಗೆ ಏಳ್ಗೆ ಆಗಲ್ಲ."

ಒಂದೇ ವಾಕ್ಯ ಸಾಕಿತ್ತು. ನಿನ್ನೆ ಕೊನೆಯ ಚೆಂಡನ್ನು ನೆಲಕ್ಕೆ ಒಂದು ಗೇಣು ಮೇಲೆ ಎತ್ತಿದವಳು ನಾನು. ದಾಲ್ವಾ ವಾಕ್ಯವನ್ನು ಮನಸ್ಸಿನಲ್ಲಿ ಹೇಳಿ ನೋಡಿಕೊಂಡಳು. ಬೇರೆ ಯಾರದೋ ಪರವಾಗಿ ಜಂಬ ಕೊಚ್ಚಿದಂತೆ ಕೇಳಿಸಿತು.

"ಉಪ್ಪು ಬೇಡ," ಎಂದಳು. ತೆನೆ ಕಚ್ಚಿದಳು. ಬಿಸಿಯಾಗಿ, ಸಿಹಿಯಾಗಿ, ತುಂಬ ಚೆನ್ನಾಗಿತ್ತು. ಮೊದಲ ತುತ್ತು ನುಂಗಿದ ಮೇಲೆ ತಾನು ಸೋತವಳಲ್ಲ ಎಂದು ಹೇಳುವುದು ಇನ್ನು ಸಾಧ್ಯವಿಲ್ಲ ಎಂದು ತಿಳಿಯಿತು.

ಚೌಕ ದೂರವಿರಲಿಲ್ಲ. ಹೆಸರು ಕರೆಯಲು ಇನ್ನೂ ತುಸು ಹೊತ್ತಿತ್ತು. ಆದರೆ ಈ ಅಂಗಿಯಲ್ಲಿ ಜನರ ನಡುವೆ ನುಗ್ಗಿ ಹೋದರೆ ಹತ್ತು ಜನ ಸಮಾಧಾನ ಹೇಳುತ್ತಾರೆ. ಭವನದೊಳಗೆ ಅವಳ ಚೀಲವಿತ್ತು, ಅದರಲ್ಲಿ ಬಿಳಿ ಜಾಕೆಟ್ಟು. ಹಾಕಿಕೊಂಡು ಹೋದರಾಯಿತು.

ಒಳಗೆ ತಂಪು. ಮೇಲಿನ ಗಾಜಿನಿಂದ ಬಿಸಿಲು ಓರೆಯಾಗಿ ಇಳಿದು ಧೂಳನ್ನು ಎತ್ತಿ ಹಿಡಿದಿತ್ತು. ಇಬ್ಬರು ಆಳುಗಳು ಅಂಗಣವನ್ನೇ ಚಾಪೆಯಂತೆ ಸುರುಳಿ ಸುತ್ತುತ್ತಿದ್ದರು.

ಫೈನಲ್ಲಿಗೆಂದು ಬಾಡಿಗೆಗೆ ತರಿಸಿದ ಕಿತ್ತಳೆ ಬಣ್ಣದ ರಬ್ಬರಿನ ನೆಲ. ಇನ್ನೆಲ್ಲೋ ಇನ್ನಾರದೋ ಫೈನಲ್ಲಿಗೆ ಹೋಗಬೇಕು. ಪಟ್ಟಿಗಳ ನಡುವಿನ ಅಂಟುಟೇಪನ್ನು ಒಬ್ಬ ಪರ್ರನೆ ಕೀಳುತ್ತಿದ್ದ. ಇನ್ನೊಬ್ಬ ಮಂಡಿಯೂರಿ ಪಟ್ಟಿಯನ್ನು ಉರುಳಿಸುತ್ತಿದ್ದ. ಸುತ್ತಿದ ಜಾಗದಲ್ಲಿ ಹಳೆಯ ಸಿಮೆಂಟು ತೆರೆದುಕೊಂಡಿತ್ತು. ಅದರ ಮೇಲೆ ಬೇರೆ ಬೇರೆ ಆಟಗಳ ಮಾಸಿದ ಗೆರೆಗಳು ಒಂದರ ಮೇಲೊಂದು ಹಾದುಹೋಗಿ, ಯಾವ ಆಟಕ್ಕೂ ಸೇರದ ಆಕಾರಗಳಾಗಿದ್ದವು.

ಚೀಲ ಅಲ್ಲೇ ಗೋಡೆಯ ಬದಿಯಲ್ಲಿತ್ತು. ದಾಲ್ವಾ ಅದರ ಕಡೆ ಹೋಗುವ ಬದಲು ಅಂಗಣಕ್ಕೆ ಕಾಲಿಟ್ಟಳು. ಹಿಂದಿನ ಸಾಲಿನ ತನ್ನ ಜಾಗದಲ್ಲಿ ನಿಂತಳು. ಮೊಣಕಾಲು ತಾನಾಗಿ ಬಾಗಿತು.

ದೂರದ ಚೌಕದಲ್ಲಿ ಧ್ವನಿವರ್ಧಕ ಗೊರಗೊರ ಎಂದಿತು. ದೊನ ಎಡ್ವಿಜೆಸರ ದನಿ. ಮಾತುಗಳು ಹೆಂಚುಗಳ ಮೇಲೆ ಹಾದು ಬರುವಷ್ಟರಲ್ಲಿ ಸವೆದು ಬರಿಯ ಏರಿಳಿತವಾಗಿದ್ದವು. ಒಂದು ಹೆಸರು, ಚಪ್ಪಾಳೆ. ಒಂದು ಹೆಸರು, ಚಪ್ಪಾಳೆ.

"ಅಕ್ಕಾ, ಒಂಚೂರು ಆಕಡೆ."

ಪಕ್ಕದ ಪಟ್ಟಿಗೆ ಸರಿದಳು. ಟೇಪು ಪರ್ರೆಂದಿತು.

"ಚೌಕಕ್ಕೆ ಹೋಗ್ಲಿಲ್ವಾ ನೀವು?" ಮಂಡಿಯೂರಿದವನು ತಲೆಯೆತ್ತದೆ ಕೇಳಿದ.

"ಹೋಗ್ಬೇಕು."

"ಹೋಗಿ ಮತ್ತೆ. ಸಂಗೀತ ಇದೆಯಂತೆ, ಕೇಕೂ ಕೊಡ್ತಾರಂತೆ."

"ಹೂಂ."

ಮತ್ತೊಂದು ಹೆಸರು. ಈ ಸಲ ಚಪ್ಪಾಳೆ ತಡವಾಗಿ ಬಂತು. ಕರೆದವಳು ಇಲ್ಲವೆಂದು ಜನ ಹುಡುಕುತ್ತಿರಬಹುದೇ? ಅಥವಾ ಮೈಕು ಕೈಕೊಟ್ಟಿತೇ? ಕಿವಿಗೊಟ್ಟಳು. ಓಡಿದರೆ ಈಗಲೂ ಸಿಗುತ್ತದೆ. ಕಾಲು ಓಡಲು ಸಿದ್ಧವಾಗಿಯೇ ಇತ್ತು, ಯಾವುದೋ ಚೆಂಡಿಗಾಗಿ.

"ಅಕ್ಕಾ, ಇದೂನೂ."

ಸರಿದಳು. ಇನ್ನೊಂದಕ್ಕೆ. ಮತ್ತೊಂದಕ್ಕೆ. ಈಗ ಉಳಿದಿದ್ದು ಅಂಚಿನ ಪಟ್ಟಿಯೊಂದೇ. ನದಿ ಬತ್ತಿದ ಮೇಲೆ ಉಳಿದ ನೀರಿನ ಎಳೆಯಂತೆ ಸಿಮೆಂಟಿನ ಮೇಲೆ ಕಿತ್ತಳೆಯಾಗಿ ಮಲಗಿತ್ತು. ಟೇಪು ಕೀಳುವವನು ಕೆಲಸ ಮುಗಿಸಿ ಸಿಗರೇಟು ಹುಡುಕಿಕೊಂಡು ಹೊರಗೆ ಹೋದ. ಮಂಡಿಯೂರಿದವನು ಆ ತುದಿಯಲ್ಲಿ ತಲೆ ತಗ್ಗಿಸಿ ಕೊನೆಯ ಪಟ್ಟಿಯನ್ನು ಉರುಳಿಸತೊಡಗಿದ. ಅವನಿಗೆ ತನ್ನ ಎರಡು ಕೈ ಮತ್ತು ಅವುಗಳ ಮುಂದೆ ದಪ್ಪವಾಗುತ್ತಿರುವ ಸುರುಳಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಹೊರಗೆ ಎಲ್ಲಿಯೋ ದೀರ್ಘವಾದ ಚಪ್ಪಾಳೆ ಎದ್ದಿತು. ದಾಲ್ವಾ ಈ ತುದಿಯಲ್ಲಿ ಮೊಣಕಾಲು ಬಾಗಿಸಿ, ಎರಡೂ ಕೈ ಮುಂದೆ ಜೋಡಿಸಿ ನಿಂತಿದ್ದಳು. ಅಂಗಣದ ಅಂಚಿನ ಬಿಳಿಯ ಗೆರೆ ಪಟ್ಟಿಯೊಂದಿಗೆ ಒಳಗೊಳಗೇ ಸುತ್ತಿಕೊಳ್ಳುತ್ತ, ಸದ್ದಿಲ್ಲದೆ, ಅವಳ ಪಾದಗಳ ಕಡೆಗೆ ಬರುತ್ತಿತ್ತು.