ಹಿಡಿಗೆ ಸುತ್ತಿದ ಬಟ್ಟೆ

ನನ್ನ ಮಗಳು ರಂಜನಿಗೆ ಮಣಲಿಯಲ್ಲಿ ಒಂದು ಲೇತ್ ಶೆಡ್ ಇದೆ. ಹದಿನೆಂಟು ವರ್ಷ ಅವರಿವರ ನಕ್ಷೆ ನೋಡಿ ಯಂತ್ರದ ಬಿಡಿಭಾಗ ಮಾಡಿಕೊಟ್ಟವಳು, ಈ ವರ್ಷ ತನ್ನದೇ ಸಾಮಾನು ಮಾಡುತ್ತೇನೆಂದು ಹೊರಟಳು. ಮೇಜಿನ ಮೇಲೆ ನಿಲ್ಲಿಸಿ ಹಿಡಿ ತಿರುಗಿಸಿದರೆ ಕೆಳಗಿನ ತಟ್ಟೆಗೆ ಚಕ್ಕುಲಿ ಬೀಳುವ ಒರಳು. ಇಲ್ಲಿನ ತಮಿಳರು ಮುರುಕು ಎನ್ನುವ ಈ ಚಕ್ಕುಲಿ ಮಾಡಿ ಮಾರುವ ಹೆಂಗಸರ ಮಣಿಕಟ್ಟು ನೋಯಬಾರದಂತೆ. ಒರಳು ಎಷ್ಟು ಹಗುರ ಎಂದರೆ, ಜೋರಾಗಿ ಸೀನಿದರೆ ರಾಯಪುರಂ ಸಮುದ್ರಕ್ಕೆ ಹೋಗಿ ಬೀಳಬೇಕು.

ಆ ಗುರುವಾರ ಸಂಜೆ ನಾಲ್ಕರೊಳಗೆ ಅಚ್ಚು ಕೊರೆಯುವ ಮೋನಪ್ಪನಿಗೆ ಅವಳು 'ಸರಿ' ಎನ್ನಬೇಕಿತ್ತು. ಉಕ್ಕಿನಲ್ಲಿ ಒಮ್ಮೆ ಕೊರೆದರೆ ತಿದ್ದುವಂತಿಲ್ಲ. ಹೇಳದಿದ್ದರೆ ಸರದಿ ತಪ್ಪುತ್ತದೆ. ಮುಂದಿನ ಸರದಿ ದೀಪಾವಳಿ ಕಳೆದ ಮೇಲೆ. ಹಬ್ಬ ಮುಗಿದ ಮೇಲೆ ಚಕ್ಕುಲಿ ಒರಳನ್ನು ಯಾರು ಕೊಳ್ಳುತ್ತಾರೆ?

ಸಣ್ಣ ಕಾರ್ಖಾನೆಗಳಿಗೆ ಸಲಹೆ ಕೊಡುವ ಹರಿಹರ ಎಂಬ ಮೈಸೂರಿನ ಇಂಜಿನಿಯರು, ಬಳಸುವವರ ಕೈಗೆ ಕೊಟ್ಟು ನೋಡದೆ ಅಚ್ಚು ಕೊರೆಸಬೇಡಿ ಎಂದಿದ್ದನಂತೆ. ಹಾಗಾಗಿ ಎರಡು ಗಂಟೆಗೆ ಮಾದರಿ ಒರಳು ಹೊತ್ತು ರಂಜನಿಯ ಜೊತೆ ಪುರಸೈವಾಕ್ಕಂನ ನಮ್ಮ ಮನೆಗೇ ಬಂದ. ಪಕ್ಕದ ಮನೆಯ ತಮಿಳಿನ ನಾಗಮಣಿ ಒರಳಿಗೆ ಕುಂಕುಮ ಇಟ್ಟಳು.

"ಅಜ್ಜಿ, ಹಿಟ್ಟು ಹಾಕಿ ಒತ್ತಿ. ಏನು ತೊಂದರೆ ಆಯ್ತು ಅಂತ ಹೇಳಿ," ಎಂದ ಹರಿಹರ.

"ನನಗೇನಪ್ಪ ತೊಂದರೆ? ಸೊಸೆ ಇಲ್ಲ, ಹಲ್ಲೂ ಇಲ್ಲ. ಎರಡು ತೊಂದರೆ ಕಮ್ಮಿ."

"ಒರಳಲ್ಲಿ, ಅಜ್ಜಿ."

ಎಣ್ಣೆಗೈಗೆ ಹಿಡಿ ನಿಲ್ಲಲಿಲ್ಲ. ಹಳೆ ಸೀರೆಯ ತುಂಡು ಹರಿದು ಸುತ್ತಿಕೊಂಡೆ. ಒರಳು ಮೇಜಿನ ಮೇಲೆ ಓಡಾಡಿತು. ನಾಗಮಣಿ ಒದ್ದೆ ಟವೆಲ್ ಮಡಿಸಿ ಒರಳಿನ ಕಾಲಿನಡಿ ಇಟ್ಟಳು. ತಟ್ಟೆ ತೀರ ಕೆಳಗಿತ್ತು. ಅದರಡಿ ಡಬ್ಬಿಯ ಮುಚ್ಚಳ ಒತ್ತುಕೊಟ್ಟೆವು. ಚಕ್ಕುಲಿ ಬಂತು.

"ಬಂಗಾರದಂಥ ಒರಳು," ಎಂದೆ ನಾನು.

"ಸೂಪರಾ ಇದೆ ಮಾ!" ಎಂದಳು ನಾಗಮಣಿ.

ರಂಜನಿಯ ಮುಖ ಅರಳಿತು. "ಇಬ್ರೂ ಪಾಸ್ ಮಾಡಿದ್ರಲ್ಲ ಸಾರ್, ಮೋನಪ್ಪಣ್ಣನಿಗೆ ಫೋನ್ ಹಾಕ್ಲಾ?"

"ನಿಲ್ಲಿ." ಹರಿಹರ ನಮ್ಮ ಮಾತು ಕೇಳಿಸಿಕೊಂಡಂತೆಯೇ ಇರಲಿಲ್ಲ. ಕೈರೇಖೆ ನೋಡುವವನ ಹಾಗೆ ನನ್ನ ಅಂಗೈ ನೋಡಿದ, ಮೇಜಿನ ಮಟ್ಟಕ್ಕೆ ಬಗ್ಗಿ ಟವೆಲ್ ನೋಡಿದ, ಫೋನಿನಲ್ಲಿ ಪಟ ತೆಗೆದ. ನಾನು ಸೆರಗು ಸರಿಮಾಡಿಕೊಂಡೆ. ಅವನು ತೆಗೆದದ್ದು ಡಬ್ಬಿ ಮುಚ್ಚಳದ ಪಟ.

"ಅಜ್ಜಿ, ಈ ಬಟ್ಟೆ ಯಾಕೆ?"

"ಕೈ ಜಾರುತ್ತಲ್ಲಪ್ಪ. ನೊಣ ಕೂತ್ರೂ ಜಾರಿ ಸೊಂಟ ಮುರ್ಕೊಳ್ಳುತ್ತೆ."

"ಮತ್ತೆ ತೊಂದರೆ ಇಲ್ಲ ಅಂದ್ರಿ?"

"ಬಟ್ಟೆ ಸುತ್ತಿದ್ಮೇಲೆ ಇನ್ನೆಲ್ಲಿ ತೊಂದರೆ?"

ಅವನು ರಂಜನಿಯನ್ನು ನೋಡಿದ, ಅವಳು ನನ್ನನ್ನು ನೋಡಿದಳು, ನಾನು ನಾಗಮಣಿಯನ್ನು ನೋಡಿದೆ. ನನಗೆ ತಲೆಬುಡ ತಿಳಿಯಲಿಲ್ಲ. ಚಕ್ಕುಲಿ ಬಂದಿದೆ, ಬಾಯ್ತುಂಬ ಹೊಗಳಿದ್ದೇವೆ, ಇವರಿಗೆ ಇನ್ನೇನು ಬೇಕು?

"ಅಮ್ಮಾ, ಜಾರುತ್ತೆ ಅಂತ ಬಾಯಿಬಿಟ್ಟು ಹೇಳೋದಲ್ವಾ!" ರಂಜನಿ ಸಿಡುಕಿದಳು.

"ಮಗಳು ಮಾಡಿದ ಮೊದಲ್ನೇ ಸಾಮಾನು. ಕುಂಕುಮ ಇನ್ನೂ ಒಣಗಿಲ್ಲ. ಅದಕ್ಕೆ ಕೊಂಕು ಹೇಳ್ಲಾ ನಾನು?"

"ಆಮಾ, ಹೌದು, ಹಾಗೆಲ್ಲ ಹೇಳ್ಬಾರ್ದು," ಎಂದಳು ನಾಗಮಣಿಯೂ.

ಗಂಟೆ ಮೂರೂವರೆ ದಾಟಿತ್ತು. ಹರಿಹರ ಮೆಲ್ಲಗೆ ಹೇಳಿದ: "ಜನ ಏನಂತಾರೆ ಅಂತ ಬರ್ಕೋಬೇಡಿ ಮೇಡಂ, ಏನ್ ಮಾಡ್ತಾರೆ ನೋಡಿ. ಈ ಬಟ್ಟೆ, ಟವೆಲ್, ಮುಚ್ಚಳ, ಮೂರೂ ನಿಮ್ಮ ಡಿಸೈನಲ್ಲಿ ಬಿಟ್ಟುಹೋಗಿರೋದು. ಹಿಟ್ಟು ತುಂಬೋ ಕೊಳವೆ ಸರಿ ಇದೆ, ಅದನ್ನ ಕೊರೆಸಿ. ಅನುಮಾನ ಇರೋ ಹಿಡಿ, ಕಾಲು ನಿಮ್ಮ ಶೆಡ್ಡಲ್ಲೇ ಮಾಡಿ, ಹತ್ತು ಮನೆಗೆ ಕೊಟ್ಟು ನೋಡಿ."

"ಕೊಳವೆ, ಕಾಲು ಒಂದೇ ಪೀಸ್ ಅಲ್ವಾ ಸಾರ್."

"ಬೇರೆ ಮಾಡಿ. ಸಣ್ಣ ಶೆಡ್ಡು ನಿಮ್ದು, ಎಲ್ಲಾನೂ ಒಂದೇ ಅಚ್ಚಿಗೆ ಹಾಕಿದ್ರೆ, ಒಂದು ತಪ್ಪಿದ್ರೆ ಎಲ್ಲಾ ತಪ್ಪುತ್ತೆ."

ಎಲ್ಲೂ ಜೋಡಣೆ ಕಾಣದ ಹಾಗೆ ಒಂದೇ ತುಂಡಾಗಿ ಇರಬೇಕೆಂದು ಹಟ ಹಿಡಿದವಳು ರಂಜನಿಯೇ; ನಾಲ್ಕು ತಿಂಗಳು ಊಟ ಬಿಟ್ಟು ಆ ನಕ್ಷೆ ಬರೆದಿದ್ದಳು. ಒರಳಿನ ಕಾಲನ್ನು ಎರಡು ಸಲ ಸವರಿದಳು. ಆಮೇಲೆ ಫೋನ್ ತೆಗೆದಳು.

"ಮೋನಪ್ಪಣ್ಣಾ, ಕೊಳವೆ ಮಾತ್ರ ಕೊರೀರಿ. ಕಾಲು ಬೇಡ... ಹೌದು, ಈಗ್ಲೇ ಹೇಳ್ತಿರೋದು... ಬೈರಿ, ಪರವಾಗಿಲ್ಲ. ಕೆಳಗೆ ಮೂರು ತೂತು ಬಿಡಿ, ಕಾಲು ನಾನೇ ಕೂರಿಸ್ತೀನಿ."

ಆ ಕಡೆಯಿಂದ ಬಂದ ಕೂಗು ಪುರಸೈವಾಕ್ಕಂನ ಬಟ್ಟೆ ಅಂಗಡಿಗಳಿಗೆಲ್ಲ ಕೇಳಿಸಿರಬೇಕು. ಆದರೂ ಒಪ್ಪಿಕೊಂಡ.

ರಂಜನಿ ನನ್ನೆದುರು ಕೂತು, "ಮುಷ್ಟಿ ಹಿಡಿ," ಎಂದು ಅಳತೆ ಕಡ್ಡಿಯಲ್ಲಿ ನನ್ನ ಬೆರಳು ಅಳೆದಳು. "ಈಗ ಹೇಳು, ಇನ್ನೇನು ಸರಿ ಇಲ್ಲ?"

"ಒಳ್ಳೇ ಮಾತೇ ಆಡಬಾರ್ದಾ?"

"ದೀಪಾವಳಿವರೆಗೂ ಬೇಡ."

ನನ್ನ ಎಪ್ಪತ್ತೆರಡು ವರ್ಷದಲ್ಲಿ ಮಗಳ ಸಾಮಾನನ್ನು ಬೈ ಎಂದು ಯಾರೂ ಬೇಡಿಕೊಂಡಿರಲಿಲ್ಲ. ಆಗಲಿ ಎಂದು ಬಾಯಿಬಿಟ್ಟೆ. "ಹಿಟ್ಟು ತುಂಬೋ ಬಾಯಿ ಇರುವೆ ಬಾಯಿ ಥರ ಇದೆ. ನನ್ನ ಕೈ ಹೋಗ್ಲಿಲ್ಲ, ಸ್ಪೂನಲ್ಲಿ ತುರುಕ್ದೆ."

ಹರಿಹರ ಸರಕ್ಕನೆ ಎದ್ದ. "ಅಜ್ಜಿ, ಅದು ಕೊಳವೆ!"

"ಅದಕ್ಕೇನೀಗ?"

ನಾಲ್ಕಕ್ಕೆ ಎಂಟು ನಿಮಿಷವಿತ್ತು. ರಂಜನಿ ಕಣ್ಣು ಮುಚ್ಚಿಕೊಂಡು ಮತ್ತೆ ಮೋನಪ್ಪನ ನಂಬರ್ ಒತ್ತಿದಳು.