ಜನಾಬಾಯಿ ಊರು ಕರೆದದ್ದು

"ಏ ಜನೀ, ಅಲ್ಲೇ ನಿಂದ್ರ! ಕಟ್ಟಿ ಮ್ಯಾಲ ಕಾಲಿಟ್ಟೀ ಅಂದ್ರ ನೋಡ್ ಮತ್ತ. ಈಗರ ಸಾರಿಸೀನಿ."

ಸಾವಿತ್ರೆವ್ವ ಹೊಸ್ತಿಲ ಒಳಗಿಂದಲೇ ಕೂಗಿದಳು. ಕಟ್ಟೆ ಒಣಗಿ ಬೆಳ್ಳಗಾಗಿತ್ತು, ಆ ದಿನ ಅದಕ್ಕೆ ಯಾರ ಕೈಯೂ ತಾಕಿರಲಿಲ್ಲ. ಜನಾಬಾಯಿಗೆ ಅದು ಕಾಣದೇ ಇರಲಿಲ್ಲ. ಆದರೂ ಅವಳು ನಕ್ಕಳು. ಓಣಿಯ ನಟ್ಟನಡುವೆ ನಿಂತು, ಸೆರಗು ಸರಿಮಾಡಿಕೊಂಡು ದನಿ ತೆಗೆದಳು.

"ಒಂದನೇ ತಾರೀಖಿಗಿ ಗ್ರಾಮಸಭಾ ಐತ್ರೀ ಅಕ್ಕಾರ! ವಾಚನಾಲಯದ ಠರಾವ ಮಾಡೂದೈತಿ. ಮಂದಿ ಕೂಡ್ಲಿಲ್ಲಂದ್ರ ವಾಚನಾಲಯ ಬಾಜೂ ಊರ ಬೆಳುಂಕಿಗಿ ಹೋಗ್ತೈತಂತ. ತಪ್ಪಸಬ್ಯಾಡ್ರಿ, ಸಾವಕಾರ್ನೂ ಕರಕೊಂಡ ಬರ್ರಿ!"

"ನಮ್ಮ ಸಾವಕಾರ್ನ ನೀ ಕರೀತೀಯೇನ? ಅವರ ನಿನ್ನ ಕರೀಲಾಕ ಕಳಿಸ್ಯಾರ, ಹುಚ್ಚಿ!"

ಅದೂ ನಿಜವೇ. ಸಾವಿತ್ರೆವ್ವನ ಗಂಡ ಅಣ್ಣಾರಾಯನೇ ಊರ ಸರಪಂಚ. ಅವನದೇ ಬೇದಾಣಾ ಶೆಡ್ಡು, ಅಂದರೆ ಒಣದ್ರಾಕ್ಷಿ ಮಾಡುವ ದೊಡ್ಡ ಚಪ್ಪರ. ಮಾಘ ಹುಟ್ಟಿದಾಗಿನಿಂದ ವೈಶಾಖದವರೆಗೆ ಬೌದ್ಧ ವಸ್ತಿಯ, ಅಂದರೆ ಜನಾಬಾಯಿಯವರ ಕೇರಿಯ, ಹೆಂಗಸರೆಲ್ಲ ಅಲ್ಲಿಯೇ. ಕಡ್ಡಿ ಬಿಡಿಸಬೇಕು, ಕರಿದು ಬೇರೆ ಹಳದಿ ಬೇರೆ ಆರಿಸಬೇಕು. ಗಂಧಕದ ಹೊಗೆ ಸೀರೆಗೆ ಹತ್ತಿದರೆ ಮೂರು ಒಗೆತಕ್ಕೂ ಬಿಡದು. ಒಂದು ಮಧ್ಯಾಹ್ನ ಅಣ್ಣಾರಾಯ ತಾನಾಗಿ ಬಂದು ಆ ಹೆಂಗಸರ ಸಾಲಿನ ಎದುರು ಕುಕ್ಕರಗಾಲಿನಲ್ಲಿ ಕೂತಿದ್ದ.

"ಜನಾಬಾಯಿ, ನಿನ್ನ ಮಗಳು ಬಸ್ ಸ್ಟ್ಯಾಂಡಿನ್ಯಾಗ ಕುಂತ ಓದ್ತಾಳಂತಲ್ಲ, ಖರೇನ?"

"ಹೌದ್ರಿ ಸಾವಕಾರ್ರ. ಮನ್ಯಾಗ ಜಾಗಾ ಎಲ್ಲೈತಿ?"

"ಹೆಣ್ಣ ಕೂಸು, ಚಲೋ ಕಾಣ್ಸೂದಿಲ್ಲ. ವಾಚನಾಲಯ ಮಂಜೂರ ಆಗಬೇಕಾಗೈತಿ. ನಿಮ್ಮ ವಸ್ತಿ ಬಾಜೂಕ ದನ ಮೇಸೂ ಗಾಯರಾನ ಬಿದ್ದೈತಲ್ಲ, ಅಲ್ಲೇ ಕಟ್ಟೂಣು. ಆದ್ರ ಸಭಾ ತುಂಬಬೇಕು. ಎರಡ ಸಲ ಕರದ್ರೂ ಮಂದಿ ಬರಲಿಲ್ಲ, ಕೋರಂ ಆಗಲಿಲ್ಲ. ನಿನ್ನ ಬಾಯಿಗಿ ಬರ್ತಾರ. ಮಂದಿ ಕೂಡಸೂದು ನಿನ್ನ ಮ್ಯಾಲ."

ಹೆಸರಿಗೆ 'ಬಾಯಿ' ಸೇರಿಸಿ ಅವನು ಕರೆದದ್ದೇ ಅದು ಮೊದಲು. ಆ ದಿನ ಜನಾಬಾಯಿಯ ಕೈಯಲ್ಲಿ ಕರಿದು ಹಳದಿ ಎಲ್ಲ ಕಲಸಿಹೋಗಿ ಮುಕಾದಮನಿಂದ ಬೈಸಿಕೊಂಡಿದ್ದಳು. ಕೂಲಿಯವರ ಮೇಲೆ ಕಣ್ಣಿಡುವ ಆ ಮುಕಾದಮ ಬೇರೆ ಯಾರಲ್ಲ, ಅವಳ ತೀರಿಹೋದ ಗಂಡನ ತಮ್ಮ ಪಂಡಿತ.

ಅಂದಿನಿಂದ ಸಂಜೆಯಾದರೆ ಅವಳದು ಓಣಿ ಓಣಿ ತಿರುಗಾಟ. ಕೂಲಿಯಿಂದ ಸತ್ತು ಬಂದ ಮೈಗೆ ಎಲ್ಲಿಂದ ಕಸುವು ಬರುತ್ತಿತ್ತೋ! ಒಕ್ಕಲಿಗರ ಓಣಿಯಲ್ಲಿ ಮೊಮ್ಮಕ್ಕಳ ಹೆಸರು ಹಿಡಿದು ಕರೆಯುವಳು, ಕುರುಬರ ಓಣಿಯಲ್ಲಿ ಕುರಿ ಕಾಯುವ ಹುಡುಗರ ಹೆಸರು ಹಿಡಿದು. ಚಹದಂಗಡಿಯ ಬೀರು ಭಜಿ ಕರಿಯುತ್ತಲೇ ಕೆಣಕಿದ:

"ಜನಾಬಾಯಿ, ವಾಚನಾಲಯದಾಗ ಚಾ ಕೊಡ್ತಾರೇನ?"

"ಪೇಪರ ಕೊಡ್ತಾರ."

"ಪೇಪರ ನನ್ನ ಕಡಿನೂ ಐತಿ, ಭಜಿ ಕಟ್ಲಾಕ."

"ಹಂಗಾರ ಖಂಡಿತ ಬಾ. ಭಜಿ ಕಟ್ಟೂಕಿಂತ ಮೊದಲ ಅದನ್ನ ಹ್ಯಾಂಗ ಓದ್ತಾರಂತ ತೋರಸ್ತಾರ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಬೀರುವೂ ನಕ್ಕು, ಬರ್ತೀನಿ ಬಿಡು ಅಂದ.

ಮನೆಯೆಂದರೆ ಒಂದೇ ಕೋಣೆ. ಅದರಲ್ಲಿಯೇ ಒಲೆ, ಮೇಕೆ, ಮಾವ ಸಿದರಾಯನ ಕೆಮ್ಮು. ತೆಳ್ಳನೆಯ ಗೋಡೆಯಾಚೆ ಪಕ್ಕದವರ ಟಿವಿ. ಮಗಳು ಪಂಚಶೀಲಾ ಪೊಲೀಸ್ ಭರತಿಗೆ, ಅಂದರೆ ನೇಮಕಾತಿಗೆ, ಓದುತ್ತಿದ್ದಳು. ಓಟದಲ್ಲಿ ಅವಳನ್ನು ಹಿಡಿಯುವವರಿಲ್ಲ. ಹೋದ ಸಲ ಬರವಣಿಗೆಯ ಪರೀಕ್ಷೆಯಲ್ಲಿ ಸ್ವಲ್ಪದರಲ್ಲಿ ಹಿಂದೆ ಬಿದ್ದಳು. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ಓದಿದರೆ ಮತ್ತೇನಾದೀತು? ಎದುರಿಗೆ ಮೊಬೈಲಿನಲ್ಲಿ ಹಾಡು ಹಚ್ಚಿಕೊಂಡು ಕೂರುವ ಗಂಡುಹುಡುಗರು. ಒಬ್ಬನಂತೂ ತೆರೆದ ಪುಸ್ತಕದ ಮೇಲೆಯೇ ಚಪ್ಪಲಿಗಾಲು ಇಟ್ಟು, "ಸಾಹೇಬ್ರ, ಅರೆಸ್ಟ್ ಮಾಡ್ರಿ ನನ್ನ" ಅಂದಿದ್ದ. ಈ ಸಲ ಆಗದಿದ್ದರೆ ದೀಪಾವಳಿಗೆ ಲಗ್ನ ಎಂದು ಪಂಡಿತ ಗಂಡು ನೋಡಿಟ್ಟಿದ್ದ. ಜನಾಬಾಯಿ ಒಂದು ವರುಷ ಬೇಡಿಕೊಂಡಿದ್ದಳು. ಊರಿಗೆ ವಾಚನಾಲಯ ಬೇಕಿತ್ತೋ ಇಲ್ಲವೋ, ಅವಳಿಗಂತೂ ಒಂದು ಬೆಂಚು, ಒಂದು ದೀಪ, ಒಳಗಿನಿಂದ ಚಿಲಕ ಹಾಕಬಹುದಾದ ಒಂದು ಬಾಗಿಲು ಬೇಕಿತ್ತು.

ಸಿದರಾಯ ಮಾತ್ರ ಅವಳು ಕರೆಯಲು ಹೊರಟ ದಿನದಿಂದ ಸೊಸೆಯ ಕೈಯ ರೊಟ್ಟಿ ತಿನ್ನುವುದು ಬಿಟ್ಟ. ಮೊಮ್ಮಗಳು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

"ಆ ಕೂಗೂದೊಂದ ಬಿಡ."

"ಯಾಕ್ರಿ ಮಾವ? ಊರ ಕೆಲಸ ಮಾಡಿದ್ರ ತಪ್ಪೇನ?"

"ಬಿಡ ಅಂದೀನಿ."

ಅಷ್ಟೇ. ಮುದುಕರ ಸಿಟ್ಟಿಗೆ ಕಾರಣ ಹುಡುಕುತ್ತ ಕೂತರೆ ಹಿಟ್ಟು ನಾದುವವರು ಯಾರು? ಜನಾಬಾಯಿ ಸೆರಗು ಸಿಕ್ಕಿಸಿಕೊಂಡು ಮತ್ತೆ ಹೊರಟಳು.

ಸಭೆಯ ದಿನ ಪಂಚಾಯತಿ ಮುಂದಿನ ಬೇವಿನ ಮರದ ನೆರಳು ಸಾಲಲಿಲ್ಲ. ಮಂದಿ ಬಿಸಿಲಿನಲ್ಲಿಯೂ ಕೂತರು. ಶೆಡ್ಡಿನ ಹೆಂಗಸರಿಗೆ ಅರ್ಧ ದಿನ ರಜೆ. ಬೀರು ಅಂಗಡಿಗೆ ಬೀಗ ಹಾಕಿ ಬಂದಿದ್ದ. ಕಣ್ಣು ಕಾಣದ ಮುದುಕಿಯರನ್ನು ಕೂಡ ಕೈಹಿಡಿದು ತಂದಿದ್ದರು. ಇವರನ್ನೆಲ್ಲ ಎಬ್ಬಿಸಿ ತಂದವಳು ನಾನು ಎಂದು ಜನಾಬಾಯಿಯ ಎದೆ ತುಂಬಿತು. ಪಕ್ಕದಲ್ಲಿ ಪಂಚಶೀಲಾ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಕೂತಿದ್ದಳು.

ಗ್ರಾಮಸೇವಕ ನಾಗನಾಥ ಎದ್ದು, ಆ ಗಡಿಯೂರಿನ ಸರಕಾರಿ ಮಾತಾದ ಮರಾಠಿಯಲ್ಲಿ ಠರಾವು ಓದಿದ. ಓದುವುದೇನು, ಬಸ್ಸು ತಪ್ಪುತ್ತದೆ ಎನ್ನುವವನ ಹಾಗೆ ಓಡಿಸಿದ. ವಾಚನಾಲಯದ ಹೊಸ ಇಮಾರತು, ಜಾಗ ಊರ ಮಠದ ಪಟಾಂಗಣ, ಅಂದರೆ ಅಂಗಳ, ಸಭೆಯ ಸಂಪೂರ್ಣ ಸಮ್ಮತಿ ಇದೆ, ಕೈ ಎತ್ತಿ.

ಕೈಗಳು ಎದ್ದವು.

"ನಿಂದ್ರರಿ ಸಾಹೇಬ್ರ," ಪಂಚಶೀಲಾ ಎದ್ದಳು. "ಗಾಯರಾನ ಅಂದಿದ್ರಲ್ಲ?"

ಅಣ್ಣಾರಾಯ ಕುರ್ಚಿಯಲ್ಲಿಯೇ ತಿರುಗಿದ. "ಗಾಯರಾನದಾಗ ಹಾವು ಅದಾವ, ಚೇಳ ಅದಾವ. ಹೆಣ್ಮಕ್ಕಳು ಹ್ಯಾಂಗ ಹೋಗಬೇಕವಾ? ಮಠ ಅಂದ್ರ ಊರ ನಡಬರಕ, ಎಲ್ಲಾರಿಗೂ ಹತ್ರ."

"ಆ ಹಾವಿನ ಬಾಜೂಕನ ನಾವು ಮನಿ ಮಾಡೀವ್ರಿ. ಮಠದ ಪಾವಟಗಿ ಏರಿ ಒಳಗ ನಮ್ಮನ್ನ ಯಾವಾಗ ಬಿಟ್ಟೀರಿ?"

"ಯಾರ ಬ್ಯಾಡಂದಾರ? ಕಾಯದೆ ಐತಲ್ಲ ನಿಮ್ಮ ಕಡೆ!" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಆದ್ರ ಮಠ ಅಂದಮ್ಯಾಲ ಮಡಿ ಮೈಲಿಗಿ ಇರ್ತೈತಿ. ಮಾಂಸ ತಿಂದ ಬಾಯಿಲೇ ಗದ್ದುಗಿ ಮುಂದ ಕುಂದ್ರೂದು ನಿನಗರ ಚಲೋ ಅನಸ್ತೈತೇನ? ಬೇಕಾದ ಪುಸ್ತಕ ಹೇಳಿ ಕಳಸು, ಪಾವಟಗಿ ತನಕ ತಂದ ಕೊಡ್ತಾರ. ಮನ್ಯಾಗ ಕುಂತ ಆರಾಮ ಓದು."

"ಘರಪೋಚ್ ಸೇವಾ, ಮನಿ ಬಾಗಲಕ!" ಹಿಂದಿನಿಂದ ಯಾರೋ ಅಂದರು. ಸಭೆ ಗೊಳ್ಳೆಂದಿತು.

ಜನಾಬಾಯಿಗೆ ತಾನು ಎದ್ದು ನಿಂತದ್ದೇ ತಿಳಿಯಲಿಲ್ಲ. "ಸಾವಕಾರ್ರ, ಶೆಡ್ಡಿನ್ಯಾಗ ನನ್ನ ಮುಂದ ಕುಂತ ಏನ ಅಂದಿದ್ರಿ?"

"ಮಂದಿ ಕೂಡಸು ಅಂದಿದ್ದೆ. ಕೂಡಿಸಿದಿ. ಯಪ್ಪಾ, ಏನ ಕೂಡಿಸಿದಿ! ಇಷ್ಟ ಮಂದಿ ಇಲೆಕ್ಷನ್ನಿಗೂ ಬಂದಿಲ್ಲ. ಏ, ಚಪ್ಪಾಳಿ ಹೊಡೀರೆಲೇ ಜನಾಬಾಯಿಗಿ!"

ಚಪ್ಪಾಳೆ ಬಿತ್ತು. ಮತ್ತೆ ಕೈಗಳು ಎದ್ದವು. ಅವಳು ಒಂದೊಂದೇ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆದ ಕೈಗಳು. ಬೀರುವಿನದೂ ಇತ್ತು. ಅವನು ಅವಳ ಕಡೆ ನೋಡಲಿಲ್ಲ. ಆಚೆ ಶೆಡ್ಡಿನ ಹೆಂಗಸರ ಮುಂದೆ ನಿಂತ ಪಂಡಿತ ತನ್ನ ಕೈ ಎತ್ತಿ, ಹಿಂದಕ್ಕೆ ತಿರುಗಿ ಸಾಲನ್ನು ಒಮ್ಮೆ ನೋಡಿದ. ದ್ರಾಕ್ಷಿ ಆರಿಸುವಾಗ ನೋಡುತ್ತಿದ್ದನಲ್ಲ, ಹಾಗೆಯೇ. ವಸ್ತಿಯ ಕೈಗಳೂ ಮೆಲ್ಲಗೆ ಎದ್ದವು. ಕಣ್ಣು ನೆಲದಲ್ಲಿ, ಕೈ ಮೇಲೆ.

ಸಭೆ ಮುಗಿದ ಮೇಲೆ ಅವಳು ಸುಮ್ಮನೆ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಇನ್ನೊಮ್ಮೆ ಕೇಳೋಣ, ಒಬ್ಬನೇ ಸಿಕ್ಕರೆ ಮನಸ್ಸು ಕರಗೀತು ಎಂದು ಅಣ್ಣಾರಾಯನ ಹಿತ್ತಲ ಬಾಗಿಲಿಗೆ ಹೋದಳು. ಅವಳು ಬಾಯಿ ತೆರೆಯುವ ಮೊದಲೇ ಸಾವಿತ್ರೆವ್ವ ಮೇಲಿನಿಂದ ರೊಟ್ಟಿಯ ಗಂಟೊಂದನ್ನು ಅವಳ ಸೆರಗಿಗೆ ಬಿಟ್ಟಳು.

"ತಗೋ. ಗ್ರಾಮಸೇವಕ ಸಾಹೇಬ್ರ ಊಟ ಆಗಿ ಉಳದೈತಿ."

ಒಳಗಿನಿಂದ ಅಣ್ಣಾರಾಯ ಬಾಯಿ ಮುಕ್ಕಳಿಸಿ ಉಗುಳಿ ಬಂದ. "ನಾಳಿ ಗುದ್ದಲಿ ಪೂಜಾ, ಮ್ಯಾಲಿನ ಸಾಹೇಬ್ರು ಬರ್ತಾರ. ಹೊತ್ತ ಏರೂದ್ರಾಗ ಊರ ಕರದ ಬಾ. ನಿಮ್ಮ ಮಂದಿ ದನಿ ಇದ್ರ ಮೈಕ್ ಯಾಕ ಬೇಕು? ಮತ್ತ ಆ ಪೋರಿನ್ನ ಶೆಡ್ಡಿಗಿ ಹಚ್ಚು. ಬಾಯಿ ಭಾಳ ಆಗೈತಿ ಅಕಿಂದು."

ಮನೆಯ ಬಾಗಿಲಲ್ಲಿ ಸಿದರಾಯ ಕೂತಿದ್ದ. ಅವನು ನೋಡಿದ್ದು ಸೊಸೆಯ ಮುಖವನ್ನಲ್ಲ, ಗಂಟನ್ನು.

"ಇದನ್ನ ನಮ್ಮಪ್ಪ ತರತಿದ್ದ," ಅಂದ. ಇಷ್ಟು ದಿನ ಕಟ್ಟಿಹಾಕಿದ್ದ ಮಾತು ಈಗ ತಾನಾಗಿ ಬಿಚ್ಚಿಕೊಂಡಿತು. "ತರಾಳಕಿ ಅಂತಿದ್ರು. ಸಾಹೇಬ ಬಂದ್ರ ಊರ ಕರೀಬೇಕು, ಪಂಚಾಯತಿ ಇದ್ರ ಕರೀಬೇಕು, ಯಾರರ ಸತ್ರ ಕರೀಬೇಕು. ಓಣಿ ನಡಬರಕ ನಿಂತ ಕೂಗಬೇಕು, ಕಟ್ಟಿ ಏರಬಾರದು. ಸತ್ತ ಸುದ್ದಿ ತಗೊಂಡ ಬರಿಗಾಲಾಗ ಪರ ಊರಿಗಿ, ಸಂಖಕ್ಕ ಓಡಬೇಕು, ಸೋನ್ಯಾಳಕ್ಕ ಓಡಬೇಕು. ಕೂಲಿ ಇಲ್ಲ. ಧೋತರ ಸೆರಗಿಗಿ ಮ್ಯಾಲಿಂದ ತಂಗಳ ರೊಟ್ಟಿ. ಬೌದ್ಧ ದೀಕ್ಷಾ ತಗೊಂಡ ವರುಷ ನಮ್ಮಪ್ಪ ಹೋಗಿ, ನಿಮ್ಮ ಹೆಣದ ಸುದ್ದಿ ನೀವ ಹೊರ್ರೀ ಅಂದ ಬಂದ. ಊರ ಬಾವಿ ಮುಚ್ಚಿತು. ಕೂಲಿ ಮುಚ್ಚಿತು. ನಮ್ಮವ್ವ ಹುಣಸಿ ಚಿಗರ ಕುದಿಸಿ ತಿನಿಸಿದ್ಳು. ನನ್ನ ತಂಗಿಗಿ ಅದು ದಕ್ಕಲಿಲ್ಲ, ಹ್ವಾದ್ಳು. ಕೂಸ ಕೊಟ್ಟ ಬಿಟ್ಟ ಕೆಲಸಾ ಅದು. ನೀ ನಕ್ಕೋತ ಹೋಗಿ ಹೊತಗೊಂಡ ಬಂದಿ."

ಜನಾಬಾಯಿ ಗಂಟನ್ನು ಹೊಸ್ತಿಲ ಹೊರಗೆ ಇಟ್ಟಳು. "ಮೊದಲ ಯಾಕ ಹೇಳಲಿಲ್ರಿ ಮಾವ?"

"ಪೋರಿ ಓದ್ತಾಳಂದಿ." ಮುದುಕನ ದನಿ ಸಣ್ಣಗಾಯಿತು. "ನನಗೂ ಆಸೆ ಬಂತು."

ಒಳಗೆ ಪಂಚಶೀಲಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಪುಸ್ತಕಗಳನ್ನು ಚೀಲದಲ್ಲಿ ತುಂಬಿ ಬಾಯಿ ಕಟ್ಟಿಟ್ಟಿದ್ದಳು. ಜನಾಬಾಯಿ ಆ ಗಂಟುಬಿಗಿದ ಚೀಲವನ್ನು ನೋಡುತ್ತ ಕೂತಳು. ಆಮೇಲೆ ಮಾವನ ಕಡೆ ತಿರುಗಿ ಕೇಳಿದಳು:

"ಸತ್ರ ಹ್ಯಾಂಗ ಕರೀತಿದ್ರಿ?"

ಸಿದರಾಯ ನೆಟ್ಟಗೆ ಕೂತು, ಅಂಗೈಯನ್ನು ಕಿವಿಯ ಮೇಲೆ ಇಟ್ಟು ತೋರಿಸಿದ.

ಮರುದಿನ ಹೊತ್ತು ಏರುವ ಮೊದಲೇ ಅವಳು ಹೊರಟಳು. ಸೆರಗು ತಲೆಯ ಮೇಲಿರಲಿಲ್ಲ, ನಡುವಿಗೆ ಬಿಗಿದಿದ್ದಳು. ಊರಬಾಗಿಲಲ್ಲಿ ನಿಂತು, ಕಿವಿಯ ಮೇಲೆ ಅಂಗೈ ಇಟ್ಟು, ಕೆಳಗಿನಿಂದ ಎಳೆದು ಮೇಲೆ ಬಿಡುವ ದನಿ ತೆಗೆದಳು.

"ಹೋಗೇತ್ರೋ... ಹೋಗೇತ್ರೋ... ಮಠದ ಪಟಾಂಗಣದಾಗ ಮಣ್ಣು ಐತ್ರೋ... ಊರ ಮಂದಿ ಎಲ್ಲಾ ಮಣ್ಣಿಗಿ ಬರ್ರೋ..."

ಆ ಕೂಗು ಆ ಊರಲ್ಲಿ ಬಹಳ ವರುಷಗಳಿಂದ ಕೇಳಿರಲಿಲ್ಲ. ಆದರೂ ಮುದುಕರ ಮೈ ಅದನ್ನು ಮರೆತಿರಲಿಲ್ಲ. ಊರಲ್ಲಿ ಹೆಣವಿದ್ದರೆ ಅದನ್ನು ಎತ್ತುವ ತನಕ ಒಲೆ ಉರಿಯಬಾರದು, ಅಂಗಡಿ ತೆರೆಯಬಾರದು. ಬೀರುವಿನ ಅಪ್ಪ, ಹಾಸಿಗೆ ಬಿಟ್ಟು ಏಳದ ಮುದುಕ, ಒಳಗಿನಿಂದಲೇ ಕೂಗಿ ಮಗನ ಒಲೆಗೆ ನೀರು ಹಾಕಿಸಿದ. ಕಿರಾಣಿ ಅಂಗಡಿಯ ಶಟರು ಅರ್ಧ ಇಳಿಯಿತು. ನೀರು ತುಂಬುತ್ತಿದ್ದ ಹೆಂಗಸರು ಕೊಡ ಬೋರಲು ಹಾಕಿದರು. ಮಠದ ಅಂಗಳದಲ್ಲಿ ಗುದ್ದಲಿಗೆ ಅರಿಷಿಣ ಹಚ್ಚುತ್ತಿದ್ದ ಅಯ್ಯನವರು ಕೈ ತಡೆದು, ಯಾರು, ಯಾರು ಎಂದು ಕೇಳತೊಡಗಿದರು.

ಅಣ್ಣಾರಾಯ ಬರಿಗಾಲಲ್ಲಿ ಓಡಿ ಬಂದ. "ಯಾರ ಸತ್ತಾರಲೇ ರಂಡಿ? ಶುಭಕಾರ್ಯ ಇಟಗೊಂಡ... ನಿನ್ನ ನಾಲಿಗಿ ಕೀಳಸ್ತೀನಿ!"

"ವಾಚನಾಲಯ ಸತ್ತೈತ್ರಿ. ನಿನ್ನಿ ಸಭಾದಾಗ. ನೀವೂ ಇದ್ರಲ್ಲ."

"ಬಾಯಿ ಮುಚ್ಚ ಸೂಳಿ!"

"ಊರ ಕರಿ ಅಂದಾವ್ರು ನೀವ. ಕರೀಲಾಕತ್ತೀನಿ."

ಪಂಡಿತ ಅವಳ ರಟ್ಟೆ ಹಿಡಿದ. "ವೈನಿ, ಹುಚ್ಚ ಹಿಡದೈತೇನ? ನಾಳಿಂದ ಶೆಡ್ಡಿನ್ಯಾಗ ಕಾಲ ಇಡಸಗೊಡೂದಿಲ್ಲ ಅವ್ರು. ನಿನ್ನಷ್ಟ ಅಲ್ಲ, ವಸ್ತಿ ಯಾರನ್ನೂ!"

ಅದು ಸುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು. ರಟ್ಟೆ ಕೊಡವಿಕೊಂಡಳು. "ಕೈ ಎತ್ತಿದ್ಯಲ್ಲ ನಿನ್ನಿ. ಇವತ್ತ ಹೆಗಲ ಕೊಡ, ನಡಿ."

ಹಿಂದೆ ಬೈಗುಳ, ಮುಂದೆ ಇಳಿಯುತ್ತಿರುವ ಶಟರುಗಳು. ಜನಾಬಾಯಿ ಕುರುಬರ ಓಣಿಗೆ ತಿರುಗಿ ಮತ್ತೆ ಕೂಗಿದಳು. ಒಂದು ಮನೆಯ ಕತ್ತಲೊಳಗಿನಿಂದ ಕಣ್ಣು ಕಾಣದ ಮುದುಕಿ, ಬೈಗುಳ ಒಂದನ್ನೂ ಕೇಳಿಸಿಕೊಳ್ಳದವಳು, ಹಳೆಯ ರೂಢಿಯಂತೆ ಓಗೊಟ್ಟು ಕೇಳಿದಳು:

"ಯಾವಾಗ ಎತ್ತತಾರವ್ವಾ?"

"ಕುಣಿ ತೋಡಿ ಇಟ್ಟಾರ, ಆಯಿ. ಸಾಹೇಬ್ರ ಗಾಡಿ ಬಂದ ಕೂಡ್ಲೆ."