ಪೀಪಾಯಿ ನೂಕುವವರ ಹೆಸರು

ಎನಕ್ ಥರ್ಲೋ ತಿಂಡಿಯ ಹೊತ್ತಿಗೆ ಬಾಯಿ ತೆರೆದರೆ ಅದು ಅಪ್ಪಣೆ, ಇಲ್ಲವೆ ಬೈಗುಳ. ಆ ದಿನ ಎರಡೂ ಇದ್ದವು.

“ಶನಿವಾರ ಸೈಲಸ್‌ನ ಉರುಳಿಸ್ತೀವಿ. ಮನೇಲಿ ಯಾರೂ ಮೂತಿ ಊದಿಸ್ಕೊಂಡು ಕೂರಬಾರದು.”

ಬಿಯರ್ ಕಾರ್ಖಾನೆಯಲ್ಲಿ ಪೀಪಾಯಿ ಕಟ್ಟುವವರ ಪದ್ಧತಿ ಅದು. ಕೆಲಸ ಕಲಿತು ಮುಗಿಸಿದವನನ್ನು ಪೀಪಾಯಿಗೆ ತುರುಕಿ, ಮಸಿಯನ್ನೂ ಹಳಸಿದ ಬಿಯರನ್ನೂ ಸುರಿದು, ಕಲ್ಲುಹಾಸಿನ ಅಂಗಳದಲ್ಲಿ ಉರುಳಿಸುವುದು. ಒಳಗಿರುವವನೊಬ್ಬನನ್ನು ಬಿಟ್ಟು ಎಲ್ಲರಿಗೂ ಹಬ್ಬ. ಈ ಸಲ ಸರದಿ ಎನಕನ ಕಿರಿಮಗ ಸೈಲಸನದು. ಮೂರು ವರ್ಷದ ಹಿಂದೆ ಎನಕನ ಹಿರಿಮಗ ಏಮೋಸ್ ಪಕ್ಕೆಲುಬು ಮುರಿದುಕೊಂಡು ಹೊರಬಂದ, ವಾರದೊಳಗೆ ಸತ್ತ. ಅವನ ಹೆಂಡತಿ ಡಾರ್ಕಸ್ ಈಗ ಅದೇ ಮಾವನಿಗೆ ಚಹಾ ಬಗ್ಗಿಸುತ್ತಿದ್ದಳು.

“ಮಾವ, ಒಬ್ಬ ಸತ್ತಿದ್ದು ಸಾಲದಾ?”

“ನನ್ನನ್ನೂ ಉರುಳಿಸಿದ್ರು. ನಾನು ಸತ್ನಾ? ಅವನ ಮೂಳೆ ಮೆತ್ತಗಿತ್ತು, ಅವರಮ್ಮನ ಕಡೇದು.”

ಡಾರ್ಕಸ್ ಊರಿನ ಪತ್ರಿಕೆಗೆ ಬರೆದಳು. ಎಂಟು ಹಾಳೆ, ಅದರಲ್ಲಿ ಆರು ಹಾಳೆ ನರಕದ ವರ್ಣನೆ. ಸಂಪಾದಕ ವಾಪಸು ಕಳಿಸಿದ: “ಅಮ್ಮಾ, ಶಾಪಗಳಿಗೆ ನಮ್ಮಲ್ಲಿ ಜಾಗವಿಲ್ಲ. ನಡೆದದ್ದೇನು, ಬೇಕಾದ್ದೇನು, ಬರೆದವರಾರು, ಇಷ್ಟು ಸಾಕು.” ಮನುಷ್ಯನಿಗೆ ಕರುಣೆ ಕಡಿಮೆ, ಆದರೆ ಬುದ್ಧಿವಾದ ಸರಿಯಾಗಿತ್ತು. ಡಾರ್ಕಸ್ ನರಕವನ್ನು ಹೊಡೆದುಹಾಕಿದಳು. ಅದರಲ್ಲಿ ಮಾವನಿಗೆಂದು ಮೀಸಲಿಟ್ಟ ಮೂಲೆಯನ್ನು ಬಿಡುವಾಗ ಮಾತ್ರ ಕೈ ತಡೆಯಿತು.

ಎನಕನಿಗೆ ಸುಳಿವು ಸಿಕ್ಕಿತು. “ಬರೀಲೇಬೇಕಂದ್ರೆ ‘ಒಬ್ಬ ಹಿತೈಷಿ’ ಅಂತ ಹಾಕು. ನನ್ನ ಮನೆತನದ ಹೆಸರು ಬೀದಿಗೆ ಎಳೀಬೇಡ.”

“ಹಿತೈಷಿಗೆ ಗಂಡ ಸತ್ತಿಲ್ಲ ಮಾವ. ನನಗೆ ಸತ್ತಿದ್ದಾನೆ.”

“ಹಾಗಾದ್ರೆ ಗಂಟುಮೂಟೆ ಕಟ್ಟು.”

“ಕಟ್ಟಿದ್ದೀನಿ. ಪತ್ರ ಅಂಚೆಗೆ ಹಾಕಿ ಆಯ್ತು.”

ಶುಕ್ರವಾರ ಅಚ್ಚಾಯಿತು. ಏಮೋಸ್ ಸತ್ತ ಬಗೆ ನಾಲ್ಕು ಸಾಲು. ಕೊನೆಗೆ ಒಂದೇ ಬೇಡಿಕೆ: “ನಾಳೆ ನನ್ನ ಮೈದುನನ ಪೀಪಾಯಿಗೆ ಕೈಹಚ್ಚುವವರು ನನ್ನ ಹಾಗೆ ಹೆಸರು, ವಿಳಾಸ ಬರೆದು ಇಲ್ಲೇ ಪ್ರಕಟಿಸಲಿ. ಡಾರ್ಕಸ್ ಥರ್ಲೋ, ಮಾಲ್ಟ್ ಬೀದಿ.”

ಶನಿವಾರ ಅಂಗಳ ತುಂಬಿತ್ತು. ಬೇಲಿಯಾಚೆ ಡಾರ್ಕಸ್ ನಿಂತಿದ್ದಳು. ಯಾರೋ ಅವಳ ಕಾಲಿನ ಬಳಿ ಉಗಿದರು.

“ಇಳಿಯೋ ಪೀಪಾಯಿಗೆ!” ಎಂದ ಎನಕ್ ಮಗನಿಗೆ.

“ನೂಕೋರು ಯಾರು ಅಪ್ಪ? ಹೆಸರು ಹೇಳಲಿ, ಇಳೀತೀನಿ,” ಎಂದ ಸೈಲಸ್.

ಹಿಂದಿನ ಸಲ ನೂಕಲು ಮುಗಿಬಿದ್ದಿದ್ದವರಿಗೆ ಈಗ ಕೈಯನ್ನು ಜೇಬಿನಲ್ಲಿಡುವ ಸಭ್ಯತೆ ಬಂದಿತ್ತು.

“ಹೇಡಿಗಳಾ!” ಎಂದು ಎನಕ್ ತಾನೇ ಪೀಪಾಯಿಗೆ ಒದ್ದ. ಖಾಲಿ ಪೀಪಾಯಿ ಕಲ್ಲಿನ ಮೇಲೆ ದಡದಡನೆ ಉರುಳಿ, ಗೋಡೆಗೆ ಬಡಿದು ನಿಂತಿತು. ಒಳಗಿನಿಂದ ಸದ್ದಿಲ್ಲ. ಏಮೋಸನ ದಿನ ಒಳಗಿನಿಂದ ಬಂದ ಚೀರಾಟವನ್ನು ನಗು ಎಂದುಕೊಂಡಿದ್ದವರು ಒಬ್ಬೊಬ್ಬರಾಗಿ ಟೊಪ್ಪಿಗೆ ತೆಗೆದರು. ಎನಕ್ ತೆಗೆಯಲಿಲ್ಲ.